ಕೆಂಪು ದೀಪ ಬಂದ ಮೇಲೆ ಎಷ್ಟು ಹೊತ್ತಿದೆ?

ನನ್ನ ಸೋದರಮಾವನ ಮನೆ ಸಕಲೇಶಪುರದ ಹತ್ತಿರ, ತೋಟದ ನಡುವೆ. ಟಾರು ರಸ್ತೆ ಬಿಟ್ಟ ಮೇಲೆ ನಾಲ್ಕು ಕಿಲೋಮೀಟರ್ ಮಣ್ಣು ದಾರಿ. ಮಳೆಗಾಲ ಮುಗಿದಾಗ ಆ ದಾರಿಯಲ್ಲಿ ಕಲ್ಲುಗಳು ತಲೆ ಎತ್ತಿಕೊಂಡು ಕೂತಿರುತ್ತವೆ. ಒಂದು ಸಂಜೆ ಅಂಥದ್ದೊಂದು ಕಲ್ಲು ಮಾವನ ಕಾರಿನ ಹೊಟ್ಟೆಗೆ ಬಡಿಯಿತು. ಇಳಿದು ಬಗ್ಗಿ ನೋಡಿದರು. ಕತ್ತಲೆ, ಏನೂ ಕಾಣಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯಂಥ ಚಿತ್ರದ ಕೆಂಪು ದೀಪ ಹತ್ತಿತು. ‘ಆಯಿಲ್ ಕಮ್ಮಿ ಆಗಿರಬೇಕು, ಬೆಳಿಗ್ಗೆ ಹಾಕಿಸಿದರಾಯಿತು, ಮನೆ ಇಲ್ಲೇ ಇದೆಯಲ್ಲ’ ಅಂದುಕೊಂಡು ಹೊರಟರು. ಗೇಟು ಕಾಣುವ ಹೊತ್ತಿಗೆ ಇಂಜಿನ್ ಕಟಕಟ ಅನ್ನತೊಡಗಿತ್ತು. ಗೇಟಿನ ಮುಂದೆಯೇ ನಿಂತುಬಿಟ್ಟಿತು.

ಹಾಸನದ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿದ ದಿನ ನಾನೂ ಹೋಗಿದ್ದೆ. ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ. ‘ಸಾರ್, ಲೈಟ್ ಬಂದ ಮೇಲೆ ಎಷ್ಟು ದೂರ ಓಡಿಸಿದ್ರಿ?’

‘ಮೂರು ಕಿಲೋಮೀಟರ್ ಇರಬಹುದು ಕಣಪ್ಪ.’

‘ಮೂರು ಜಾಸ್ತಿ ಆಯ್ತು ಸಾರ್.’

ಆಮೇಲೆ ಅವನು ಅಂಗೈ ಮೇಲೆ ಅರ್ಧ ಬಳೆಯಂಥ ಒಂದು ಲೋಹದ ತುಂಡು ಇಟ್ಟು ತೋರಿಸಿದ. ಅದು ಬೇರಿಂಗ್. ಕನ್ನಡಿಯಂತೆ ನುಣುಪಾಗಿರಬೇಕಾದ ಅದರ ಒಳಮೈ ತವಾಗೆ ಅಂಟಿದ ದೋಸೆಯ ಹಾಗೆ ಕಿತ್ತು ಬಂದಿತ್ತು.

ಮೂರು ಕಿಲೋಮೀಟರ್ ಯಾಕೆ ಜಾಸ್ತಿ? ಇದು ಅರ್ಥವಾದರೆ ಡ್ಯಾಶ್‌ಬೋರ್ಡಿನ ಮುಕ್ಕಾಲು ಭಾಗ ಅರ್ಥವಾದ ಹಾಗೆ. ನಾವೆಲ್ಲ ಆ ದೀಪಗಳನ್ನು ಒಂದೇ ಸಾಲಿನಲ್ಲಿ ನೋಡುತ್ತೇವೆ, ಒಂದೇ ಥರ ಹೆದರುತ್ತೇವೆ ಅಥವಾ ಒಂದೇ ಥರ ಬಿಟ್ಟುಬಿಡುತ್ತೇವೆ. ಆದರೆ ಪ್ರತಿ ದೀಪವೂ ನಮಗೆ ಬೇರೆ ಬೇರೆ ಗಡುವು ಕೊಡುತ್ತದೆ. ಒಂದು ಸೆಕೆಂಡುಗಳನ್ನು ಕೊಡುತ್ತದೆ, ಇನ್ನೊಂದು ನಿಮಿಷಗಳನ್ನು, ಮತ್ತೊಂದು ವಾರಗಳನ್ನು.

ಮೊದಲು ಆ ಎಣ್ಣೆ ಗಿಂಡಿ. ಮಾವ ಮಾಡಿದ ತಪ್ಪನ್ನು ಬಹಳ ಜನ ಮಾಡುತ್ತಾರೆ. ಆ ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ. ಆಯಿಲ್‌ನ ಒತ್ತಡ ಹೋಗಿದೆ ಅಂತ ಹೇಳುತ್ತದೆ. ಎರಡಕ್ಕೂ ಅಜಗಜಾಂತರ.

ಇಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಂಡ ಒಂದು ತಟ್ಟೆ ಇದೆ. ನಮ್ಮ ಕಡೆ ಅದನ್ನು ಚೇಂಬರ್ ಅನ್ನುತ್ತಾರೆ. ಮಾವನ ಕಾರಿನಲ್ಲಿ ಕಲ್ಲು ಒಡೆದದ್ದು ಇದನ್ನೇ. ಅಲ್ಲಿಂದ ಒಂದು ಪಂಪು ಆಯಿಲ್ ಹೀರಿ, ಸಣ್ಣ ಸಣ್ಣ ದಾರಿಗಳಲ್ಲಿ ಮೇಲಕ್ಕೆ ತಳ್ಳುತ್ತದೆ. ಅದು ಮುಖ್ಯವಾಗಿ ತಲುಪಬೇಕಾದದ್ದು ಕ್ರ್ಯಾಂಕ್ ಶಾಫ್ಟ್ ಕೂತಿರುವ ಬೇರಿಂಗ್‌ಗಳಿಗೆ. ಪಿಸ್ಟನ್‌ಗಳ ಮೇಲೆ ಕೆಳಗೆ ಓಟವನ್ನು ತಿರುಗುವ ಓಟವಾಗಿ ಮಾಡುವ ಕಬ್ಬಿಣದ ದಿಂಡು ಅದು. ಇಂಜಿನ್ 3000 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದರೆ ಆ ದಿಂಡು ಸೆಕೆಂಡಿಗೆ 50 ಸುತ್ತು ಹಾಕುತ್ತಿದೆ. ಬೇರಿಂಗಿಗೂ ಅದಕ್ಕೂ ನಡುವಿನ ಜಾಗ ಒಂದು ಮಿಲಿಮೀಟರಿನ ನೂರನೇ ಒಂದರಂಥ ಮೂರು ನಾಲ್ಕು ಭಾಗ ಅಷ್ಟೆ. ತಲೆಗೂದಲಿಗಿಂತ ಕಿರಿದು.

ಸೋಜಿಗ ಇರುವುದು ಇಲ್ಲೇ. ಇಂಜಿನ್ ಸರಿಯಾಗಿ ಓಡುವಾಗ ಆ ಎರಡು ಲೋಹಗಳು ಒಂದಕ್ಕೊಂದು ತಾಗುವುದೇ ಇಲ್ಲ. ತಿರುಗುವ ದಿಂಡು ಆಯಿಲನ್ನು ಆ ಕಿರಿದಾದ ಸಂದಿಗೆ ಎಳೆದುಕೊಂಡು, ಆ ಪದರದ ಮೇಲೆ ತೇಲುತ್ತದೆ. ಜೋರು ಮಳೆಯಲ್ಲಿ ಕಾರಿನ ಟೈರು ನೀರಿನ ಮೇಲೆ ತೇಲಿ ಜಾರುತ್ತದಲ್ಲ, ಅದೇ ಆಟ. ರಸ್ತೆಯಲ್ಲಿ ಅದು ಅಪಾಯ, ಇಂಜಿನ್ ಒಳಗೆ ಅದೇ ಜೀವಾಳ. ಹಾಗಾಗಿಯೇ ಒಂದು ಇಂಜಿನ್ ಎರಡು ಮೂರು ಲಕ್ಷ ಕಿಲೋಮೀಟರ್ ಬಾಳುತ್ತದೆ.

ಈಗ ಒತ್ತಡದ ಲೆಕ್ಕ ನೋಡಿ. ಟೈರಿಗೆ ಗಾಳಿ ಹಾಕಿಸುವಾಗ 32, 33 ಅನ್ನುತ್ತೇವಲ್ಲ, ಅದೇ ಪಿಎಸ್‌ಐ ಲೆಕ್ಕದಲ್ಲಿ ಹೇಳುವುದಾದರೆ, ಹೈವೇಯಲ್ಲಿ ಓಡುವಾಗ ಆಯಿಲ್ ಒತ್ತಡ ಸಾಮಾನ್ಯವಾಗಿ 40ರಿಂದ 60 ಇರುತ್ತದೆ. ಬಿಸಿ ಇಂಜಿನ್ ನಿಂತಲ್ಲೇ ಓಡುತ್ತಿರುವಾಗ ಹತ್ತು ಇಪ್ಪತ್ತಕ್ಕೆ ಇಳಿಯುತ್ತದೆ. ಕೆಂಪು ದೀಪದ ಸ್ವಿಚ್ಚು ಹತ್ತುವುದು ಹೆಚ್ಚಿನ ಕಾರುಗಳಲ್ಲಿ ಒತ್ತಡ 4ರಿಂದ 7ಕ್ಕೆ ಬಿದ್ದಾಗ! ಅಂದರೆ ದೀಪ ಬರುವಷ್ಟರಲ್ಲಿ ಒತ್ತಡ ಹೆಚ್ಚುಕಮ್ಮಿ ಹೋಗಿಯೇ ಬಿಟ್ಟಿರುತ್ತದೆ. 5 ಪಿಎಸ್‌ಐ ಗಾಳಿ ಇರುವ ಟೈರಿನಲ್ಲಿ ನೀವು ಗಾಡಿ ಓಡಿಸುತ್ತೀರಾ? ಅಂಥ ಟೈರನ್ನು ಪಂಕ್ಚರ್ ಅನ್ನುತ್ತೇವೆ. ‘ಸ್ವಲ್ಪ ಗಾಳಿ ಕಮ್ಮಿ’ ಅನ್ನುವುದಿಲ್ಲ.

ಒತ್ತಡ ಹೋದ ಮೇಲೆ ಒಳಗೆ ನಡೆಯುವುದು ಹೀಗೆ. ಸಂದಿಯಲ್ಲಿ ಉಳಿದ ಆಯಿಲ್ ಬಿಸಿಯಾಗಿ, ತೆಳುವಾಗಿ, ಹೊರಗೆ ಚಿಮ್ಮಿ ಹೋಗುತ್ತದೆ. ತುಂಬಿಕೊಡಲು ಹಿಂದಿನಿಂದ ಬರುವುದು ಇಲ್ಲ. ಲೋಹಕ್ಕೆ ಲೋಹ ತಾಗುತ್ತದೆ. ಬೇರಿಂಗಿನ ಒಳಮೈಯನ್ನು ಬೇಕೆಂದೇ ಮೆತ್ತಗಿನ ಲೋಹದಿಂದ ಮಾಡಿರುತ್ತಾರೆ, ಸಣ್ಣಪುಟ್ಟ ಧೂಳು ಬಂದರೆ ತಾನು ತಿಂದುಕೊಂಡು ಕ್ರ್ಯಾಂಕನ್ನು ಉಳಿಸಲಿ ಅಂತ. ಆ ಮೆತ್ತಗಿನ ಲೋಹ ಉಜ್ಜಿ, ಕರಗಿ, ಬಳಿದುಹೋಗುತ್ತದೆ. ಸಂದಿ ದೊಡ್ಡದಾಗುತ್ತದೆ. ಆಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಪ್ರತಿ ಸುತ್ತಿಗೂ ಕ್ರ್ಯಾಂಕಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಮಾವನಿಗೆ ಗೇಟಿನ ಹತ್ತಿರ ಕೇಳಿಸಿದ ಕಟಕಟ ಅದೇ. ಆ ಸದ್ದು ಬಂದ ಮೇಲೆ ಆಯಿಲ್ ಸುರಿದರೆ ಉಪಯೋಗವಿಲ್ಲ. ಇನ್ನೂ ಓಡಿಸಿದರೆ ಬೇರಿಂಗ್ ತನ್ನ ಜಾಗದಲ್ಲೇ ಗಿರ್ರನೆ ತಿರುಗಿ, ಕೊನೆಗೆ ಇಂಜಿನ್ ಹಿಡಿದುಕೊಳ್ಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಸೀಜ್. ನಸೀಬು ಕೆಟ್ಟಿದ್ದರೆ ರಾಡ್ ಮುರಿದು ಬ್ಲಾಕಿನ, ಅಂದರೆ ಇಂಜಿನ್ನಿನ ಮೈಯ, ಗೋಡೆ ಒಡೆದು ಹೊರಗೆ ಬರುತ್ತದೆ.

ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ, ಇರುವ ಗಾಡಿಗಳಲ್ಲಿ ಇನ್ನೂ ಬೇಗ. ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ, ಅದಕ್ಕೂ ಇದೇ ಆಯಿಲ್ ಬೇಕು.

ಹಾಗಾಗಿ ಕೆಂಪು ಎಣ್ಣೆ ಗಿಂಡಿ ಕೊಡುವ ಗಡುವು ಗಾಡಿಯನ್ನು ಎಡಕ್ಕೆ ತಂದು ಕೀ ತಿರುಗಿಸುವಷ್ಟು ಮಾತ್ರ. ‘ಮೆಲ್ಲಗೆ ಓಡಿಸಿಕೊಂಡು ಹೋಗ್ತೀನಿ’ ಅನ್ನುವುದಕ್ಕೆ ಇಲ್ಲಿ ಅರ್ಥವಿಲ್ಲ. ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್, ಎಳೆದು ನೋಡಿ. ಆಯಿಲ್ ಇಲ್ಲದಿದ್ದರೆ ಕಾರಣ ಸಿಕ್ಕಿತು. ಮಟ್ಟ ಸರಿಯಾಗಿದ್ದೂ ದೀಪ ಬಂದಿದ್ದರೆ ಪಂಪು ಹೋಗಿರಬಹುದು, ಪಂಪಿನ ಬಾಯಿಯ ಜಾಲರಿ ಕಟ್ಟಿರಬಹುದು, ಬರೀ ಸ್ವಿಚ್ಚೇ ಕೆಟ್ಟಿರಬಹುದು. ಸ್ವಿಚ್ಚು ಅಗ್ಗದ ಸಾಮಾನು, ಅದು ಕೆಡುವುದೂ ಉಂಟು. ಆದರೆ ‘ಸೆನ್ಸರ್ ಹೋಗಿರಬೇಕು ಬಿಡಿ’ ಅನ್ನುವುದನ್ನು ಗೇಜು ಹಾಕಿ ಅಳೆದವರು ಹೇಳಬೇಕು. ಪಕ್ಕದ ಸೀಟಿನಲ್ಲಿ ಕೂತವರ ಮಾತು ಕೇಳಬೇಡಿ.

ಎರಡು ಮುನ್ಸೂಚನೆ ಮಾತ್ರ ಸಿಗುತ್ತವೆ, ಗಮನಿಸುವವರಿಗೆ. ಒಂದು, ಘಾಟಿಯ ತಿರುವಿನಲ್ಲಿ ಗಾಡಿ ವಾಲಿದಾಗ ದೀಪ ಒಮ್ಮೆ ಮಿಣುಕಿ ಹೋಗುತ್ತದೆ. ಚೇಂಬರಿನಲ್ಲಿ ಆಯಿಲ್ ತೀರಾ ತಳ ಸೇರಿದೆ, ಒಂದು ಪಕ್ಕಕ್ಕೆ ಹರಿದಾಗ ಪಂಪಿನ ಬಾಯಿಗೆ ಗಾಳಿ ಹೋಗುತ್ತಿದೆ ಅಂತ ಅದರ ಅರ್ಥ. ಇನ್ನೊಂದು, ಸಿಗ್ನಲ್‌ನಲ್ಲಿ ನಿಂತಾಗ ಬಂದು, ಆಕ್ಸಿಲರೇಟರ್ ಒತ್ತಿದ ಕೂಡಲೇ ಹೋಗುವ ದೀಪ. ‘ರೇಸ್ ಮಾಡಿದ್ರೆ ಹೋಗುತ್ತೆ’ ಅಂತ ಸಮಾಧಾನ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಪಂಪು ಜೋರಾಗಿ ತಿರುಗಿದಾಗ ಮಾತ್ರ ಒತ್ತಡ ನಿಲ್ಲುತ್ತಿದೆ, ಅಂದರೆ ಆಯಿಲ್ ನೀರಾಗಿದೆ ಇಲ್ಲವೇ ಬೇರಿಂಗ್ ಸವೆದಿದೆ.

ಎರಡನೆಯದು ಬಿಸಿಯ ದೀಪ. ನೀರಿನ ಅಲೆಗಳಲ್ಲಿ ಮುಳುಗಿದ ಥರ್ಮಾಮೀಟರ್ ಚಿತ್ರ. ಇದು ನಿಮಿಷಗಳ ಲೆಕ್ಕದ ಗಿರಾಕಿ.

ನಾವು ಹಾಕಿಸುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಗಾಡಿ ಎಳೆಯುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಿಂದ ಹೋಗುತ್ತದೆ. ಉಳಿದದ್ದನ್ನು ಹೊತ್ತು ಹೊರಗೆ ಹಾಕುವ ಕೂಲಿ ಕೂಲಂಟ್‌ನದು, ಅಂದರೆ ಇಂಜಿನ್ ಸುತ್ತ ಹರಿದು ಅದನ್ನು ತಣ್ಣಗಿಡುವ ದ್ರವದ್ದು. ಅದು 90 ಡಿಗ್ರಿಯ ಆಸುಪಾಸಿನಲ್ಲಿ ಓಡಾಡುತ್ತಿರುತ್ತದೆ. ನೂರು ದಾಟಿದರೂ ಕುದಿಯದಿರುವುದಕ್ಕೆ ನಮ್ಮ ಅಡುಗೆಮನೆಯ ಉಪಾಯವೇ ಕಾರಣ. ಕುಕ್ಕರ್ ಕೂಗುವಾಗ ಒಳಗೆ ಸುಮಾರು 120 ಡಿಗ್ರಿ ಇರುತ್ತದಲ್ಲ, ರೇಡಿಯೇಟರಿನ ಮುಚ್ಚಳವೂ ಹೆಚ್ಚುಕಮ್ಮಿ ಅಷ್ಟೇ ಒತ್ತಡ ಹಿಡಿದಿರುತ್ತದೆ. ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬೇಡಿ ಅನ್ನುವುದು ಇದಕ್ಕೇ. ಕೂಗುತ್ತಿರುವ ಕುಕ್ಕರ್ ಮುಚ್ಚಳವನ್ನು ಯಾರಾದರೂ ತೆಗೆಯುತ್ತಾರಾ? ಒತ್ತಡ ಬಿಟ್ಟ ಕ್ಷಣದಲ್ಲೇ ಒಳಗಿನ ನೀರು ಹಬೆಯಾಗಿ ಮುಖಕ್ಕೆ ಎರಚುತ್ತದೆ.

ಬಿಸಿ ಏರಿದಾಗ ಮೊದಲು ಪೆಟ್ಟು ಬೀಳುವುದು ಸಿಲಿಂಡರ್ ಹೆಡ್ಡಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳ ಮೇಲಿನ ಮುಚ್ಚಳಕ್ಕೆ. ಅದು ಅಲ್ಯೂಮಿನಿಯಂ. ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದರೆ ಅದನ್ನು ಬೋಲ್ಟುಗಳು ಬ್ಲಾಕಿಗೆ ಬಿಗಿದು ಹಿಡಿದಿವೆ. ಹಿಗ್ಗಲು ಜಾಗವಿಲ್ಲದೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಪ್ಪಳದಷ್ಟೇನೂ ಅಲ್ಲ ಬಿಡಿ. ಬಹಳಷ್ಟು ಇಂಜಿನ್‌ಗಳಲ್ಲಿ 0.05 ಮಿಲಿಮೀಟರ್ ಸೊಟ್ಟಗಿದ್ದರೂ ಒಪ್ಪುವುದಿಲ್ಲ, ಕಣ್ಣಿಗೆ ಕಾಣುವ ಮಾತೇ ಇಲ್ಲ. ಅಷ್ಟು ಸಾಕು, ಸೋರದಂತೆ ನಡುವೆ ಇಟ್ಟ ಗ್ಯಾಸ್ಕೆಟ್ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೂಲಂಟ್ ಸಿಲಿಂಡರಿಗೆ ಹೋಗುತ್ತದೆ, ಹಿಂದಿನಿಂದ ಬಿಳಿ ಹಬೆ ಬರುತ್ತದೆ. ಅಥವಾ ಆಯಿಲ್‌ಗೆ ಸೇರುತ್ತದೆ. ಡಿಪ್ ಸ್ಟಿಕ್ ಎಳೆದರೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ನೀರು ಬೆರೆತ ಆಯಿಲ್ ಬೇರಿಂಗಿನಲ್ಲಿ ಆ ಪದರವನ್ನು ಕಟ್ಟಿ ನಿಲ್ಲಿಸಲಾರದು. ಅಲ್ಲಿಗೆ ಕಥೆ ಮತ್ತೆ ಮಾವನ ಗೇಟಿಗೇ ಬಂತು.

ಈಚಿನ ಎಷ್ಟೋ ಸಣ್ಣ ಕಾರುಗಳಲ್ಲಿ ಬಿಸಿ ತೋರಿಸುವ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ, ನಡುವೆ ಏನೂ ಇಲ್ಲ. ಏರುತ್ತಿದೆ ಅಂತ ತಿಳಿಯುವ ದಾರಿಯನ್ನೇ ಕಂಪನಿಗಳು ಉಳಿತಾಯ ಮಾಡಿಬಿಟ್ಟವು ಅಂತ ನನಗೆ ಸಿಟ್ಟಿದೆ. ಮುಳ್ಳು ಇದ್ದವರಿಗೂ ಒಂದು ಮೋಸ ಕಾದಿರುತ್ತದೆ. ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಹೋಸ್ ಪೈಪು ಒಡೆದು ಕೂಲಂಟ್ ಎಲ್ಲಾ ಸೋರಿ ಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುತ್ತದೆ. ಆಗ ಏರಿದ್ದ ಮುಳ್ಳು ಇಳಿಯಲೂಬಹುದು. ‘ಅಬ್ಬಾ, ತಣ್ಣಗಾಯಿತು’ ಅಂತ ಓಡಿಸುತ್ತೇವೆ. ತಣ್ಣಗಾಗಿದ್ದಲ್ಲ, ಅಳೆಯಲು ನೀರೇ ಉಳಿದಿಲ್ಲ.

ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಏರುತ್ತಿರುವಾಗ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಹಾಕಿ. ಸೆಖೆಯಲ್ಲಿ ಹೀಟರ್ ಅಂದರೆ ಹುಚ್ಚು ಅನ್ನಿಸುತ್ತದೆ. ಆದರೆ ಹೀಟರ್ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರ್, ಇಂಜಿನ್ನಿನ ಬಿಸಿಯನ್ನೇ ನಿಮ್ಮ ಮುಖಕ್ಕೆ ಊದುತ್ತದೆ. ಇದು ನಿಲ್ಲಿಸಲು ಜಾಗ ಸಿಗುವ ತನಕದ ಉಪಾಯ ಮಾತ್ರ. ಹಬೆ ಕಂಡರೆ ಅಥವಾ ಕೆಂಪು ದೀಪ ಬಂದರೆ ನಿಲ್ಲಿಸಿ, ಆಫ್ ಮಾಡಿ, ಅರ್ಧ ಗಂಟೆಯಾದರೂ ಕಾಯಿರಿ. ಕಾದ ಇಂಜಿನ್ನಿಗೆ ಕೊಡದಲ್ಲಿ ತಣ್ಣೀರು ಸುರಿಯುವವರು ಹೆಡ್ಡಿಗೆ ಬಿರುಕು ಬಿಡಿಸಿಕೊಳ್ಳುತ್ತಾರೆ.

ಬಿಸಿಗೆ ಒಬ್ಬ ಮರೆಯ ಸಂಗಾತಿ ಇದ್ದಾನೆ, ಬ್ಯಾಟರಿ ದೀಪ. ಚಾರ್ಜ್ ಆಗುತ್ತಿಲ್ಲ ಅಷ್ಟೇ ಅಲ್ವಾ, ಮನೆಗೆ ಹೋಗಿ ನೋಡೋಣ ಅನ್ನುತ್ತೇವೆ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೆಟ್ಟಿದ್ದರೆ ಅದು ಸರಿಯೇ, ಲೈಟು ಎಸಿ ಎಲ್ಲ ಆಫ್ ಮಾಡಿ ಒಂದಷ್ಟು ದೂರ ಹೋಗಬಹುದು. ಆದರೆ ಅದನ್ನು ತಿರುಗಿಸುವ ಬೆಲ್ಟೇ ಕಡಿದು ಹೋಗಿದ್ದರೆ? ಹಲವು ಇಂಜಿನ್‌ಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ. ಬ್ಯಾಟರಿ ದೀಪ ಬಂದು ಕೆಲವೇ ನಿಮಿಷಕ್ಕೆ ಬಿಸಿಯ ದೀಪ ಬರುತ್ತದೆ. ಬಾನೆಟ್ ಎತ್ತಿ ಬೆಲ್ಟು ಜಾಗದಲ್ಲಿದೆಯಾ ಅಂತ ಒಂದು ಸಲ ನೋಡುವುದಕ್ಕೆ ಮೆಕ್ಯಾನಿಕ್ ಆಗಬೇಕಿಲ್ಲ.

ಇನ್ನು ಹಳದಿ ದೀಪಗಳು. ಇವುಗಳ ಬಗ್ಗೆ ಜನರ ಉದಾಸೀನ ನನಗೆ ಅರ್ಥವಾಗುತ್ತದೆ. ಇಂಜಿನ್ ಚಿತ್ರದ ಹಳದಿ ದೀಪ, ಚೆಕ್ ಇಂಜಿನ್, ಪೆಟ್ರೋಲ್ ಮುಚ್ಚಳ ಸಡಿಲವಿದ್ದರೂ ಕೆಲವು ಗಾಡಿಗಳಲ್ಲಿ ಬರುತ್ತದೆ. ಮೊದಲ ಸಲ ಹೆದರಿ ಶೋರೂಮಿಗೆ ಓಡುತ್ತೇವೆ. ಅವರು ಏನೋ ಒತ್ತಿ ಆರಿಸಿ, ಬಿಲ್ಲು ಕೊಡುತ್ತಾರೆ. ಮೂರನೇ ಸಲ ಬಂದಾಗ ಬ್ಯಾಟರಿ ಟರ್ಮಿನಲ್ ತೆಗೆದು ಹಾಕುವುದನ್ನು ಕಲಿತಿರುತ್ತೇವೆ. ದೀಪ ಹೋಗುತ್ತದೆ, ನಿಜ. ಜೊತೆಗೆ ಯಾಕೆ ಬಂದಿತ್ತು ಅನ್ನುವ ನೆನಪೂ ಅಳಿಸಿ ಹೋಗುತ್ತದೆ.

ಆ ನೆನಪು ಇಟ್ಟುಕೊಳ್ಳುವ ವ್ಯವಸ್ಥೆಯ ಹೆಸರು ಓಬಿಡಿ. ಹುಟ್ಟಿದ್ದು ಹೊಗೆ ತಡೆಯಲಿಕ್ಕೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಓಬಿಡಿ-2 ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ಹೊಗೆ ನಿಯಮದ ಕಾಲದಲ್ಲಿ, 2013ರ ಏಪ್ರಿಲ್‌ನಿಂದ ಬಂತು. ಸ್ಟೀರಿಂಗಿನ ಕೆಳಗೆ ಕೈ ಹಾಕಿದರೆ 16 ಪಿನ್ನಿನ ಒಂದು ಸಾಕೆಟ್ ಸಿಗುತ್ತದೆ. ಅದಕ್ಕೆ ಸಿಕ್ಕಿಸುವ ಸಣ್ಣ ರೀಡರ್ ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ, ಫೋನಿನಲ್ಲೇ ಕೋಡ್ ಓದಬಹುದು. ಪಿ0300 ಅಂದರೆ ಸಿಲಿಂಡರುಗಳಲ್ಲಿ ಕಿಡಿ ತಪ್ಪುತ್ತಿದೆ, ಪಿ0171 ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಹೀಗೆ. ಕೋಡ್ ಗೊತ್ತಿದ್ದು ಗ್ಯಾರೇಜಿಗೆ ಹೋಗುವುದಕ್ಕೂ ‘ಏನೋ ಲೈಟ್ ಬರ್ತಿದೆ’ ಅಂತ ಹೋಗುವುದಕ್ಕೂ ಬಿಲ್ಲಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಚೆಕ್ ಇಂಜಿನ್ ಸುಮ್ನೆ ಹತ್ತಿಕೊಂಡಿದ್ದು ಗಾಡಿ ಎಂದಿನಂತೆ ಓಡುತ್ತಿದ್ದರೆ ಒಂದು ವಾರದೊಳಗೆ ತೋರಿಸಿದರೆ ಸಾಕು. ಅದೇ ದೀಪ ಮಿಣುಕುತ್ತಿದ್ದರೆ ಬೇರೆ ಲೆಕ್ಕ. ಆಗ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಸಿಯಾಗಿಯೇ ಹೊರಗೆ ಹೋಗುತ್ತಿದೆ. ಸೈಲೆನ್ಸರ್ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕೂತಿದೆ. ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಹಸಿ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಗೂಡೇ ಕರಗಿ ಕಟ್ಟಿಕೊಳ್ಳುತ್ತದೆ. ಒಂದು ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ, ಚಿನ್ನದ ಅಂಗಡಿಯ ಲೋಹಗಳ ಲೆಕ್ಕಕ್ಕೆ ಹೋಗುತ್ತದೆ. ಸಿಲಿಂಡರಿನ ಗೋಡೆಯ ಆಯಿಲನ್ನೂ ಆ ಪೆಟ್ರೋಲ್ ತೊಳೆಯುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ.

ಡೀಸೆಲ್ ಗಾಡಿ ಇಟ್ಟುಕೊಂಡ ಬೆಂಗಳೂರಿನವರಿಗೆ ಒಂದು ಹೊಸ ತಲೆನೋವು ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಜಾಲರಿ ಬಂತು, ಡಿಪಿಎಫ್. ಅದು ತುಂಬಿದಾಗ ತಾನೇ ಕಾದು, ಸುಮಾರು 600 ಡಿಗ್ರಿಯಲ್ಲಿ ಮಸಿಯನ್ನು ಸುಟ್ಟು ಖಾಲಿಯಾಗಬೇಕು. ಅದಕ್ಕೆ ಒಂದು ಹದಿನೈದಿಪ್ಪತ್ತು ನಿಮಿಷ ನಿಲ್ಲದ ಓಟ ಬೇಕು. ಸಿಲ್ಕ್ ಬೋರ್ಡಿನಲ್ಲಿ ನಿಲ್ಲದ ಓಟ ಎಲ್ಲಿಂದ ಬರಬೇಕು? ಜಾಲರಿ ಬಿಸಿಯಾಗಲು ಶುರುವಾಗುತ್ತದೆ, ಅಷ್ಟರಲ್ಲಿ ಆಫೀಸು ಬಂತು, ಕೀ ಆಫ್. ಮರುದಿನ ಮತ್ತೆ ಅದೇ.

ಇದರಿಂದ ಇಂಜಿನ್ನಿಗೆ ಏನಾಗುತ್ತದೆ ಅನ್ನುವುದು ಸ್ವಾರಸ್ಯವಾಗಿದೆ. ಜಾಲರಿಯನ್ನು ಕಾಯಿಸಲು ಬಹಳಷ್ಟು ಕಾರುಗಳು ಸಿಲಿಂಡರಿಗೆ ಕೊನೆಯಲ್ಲಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತವೆ. ಅದರಲ್ಲಿ ಸ್ವಲ್ಪ ಗೋಡೆಗೆ ಅಂಟಿ, ಕೆಳಗೆ ಜಾರಿ ಆಯಿಲ್‌ಗೆ ಸೇರುತ್ತದೆ. ಅರ್ಧಕ್ಕೇ ನಿಂತ ಪ್ರತಿ ಪ್ರಯತ್ನಕ್ಕೂ ಇನ್ನಷ್ಟು. ಡಿಪ್ ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿರುತ್ತದೆ. ಆಯಿಲ್ ಕುಡಿಯುವ ಇಂಜಿನ್ ನಮಗೆ ಗೊತ್ತು, ಅಕ್ಷಯಪಾತ್ರೆಯ ಹಾಗೆ ಹೆಚ್ಚಿಸಿಕೊಡುವ ಇಂಜಿನ್? ಖುಷಿಪಡಬೇಡಿ, ಅದು ಡೀಸೆಲ್ ಬೆರೆತು ತೆಳುವಾದ ಆಯಿಲ್. ಬೇರಿಂಗಿನ ಪದರಕ್ಕೆ ಅದರಿಂದ ಬಲವಿಲ್ಲ. ಡಿಪಿಎಫ್‌ನ ಹಳದಿ ದೀಪ ಬಂದ ಭಾನುವಾರ ತುಮಕೂರು ರಸ್ತೆಯಲ್ಲಿ ಒಂದು ತಟ್ಟೆ ಇಡ್ಲಿ ತಿಂದು ಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಾಡಿ ತಾನೇ ಬಲ ತಗ್ಗಿಸಿಕೊಂಡು ತೆವಳುತ್ತದೆ, ಆಮೇಲೆ ವರ್ಕ್‌ಶಾಪಿನ ಕಂಪ್ಯೂಟರಿಗೇ ಕಟ್ಟಬೇಕು.

ಮಾವನ ವಿಷಯಕ್ಕೆ ಬರುತ್ತೇನೆ. ಅವರಿಗೆ ಇಂಜಿನ್ನಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಇನ್ಶೂರೆನ್ಸಿನಲ್ಲಿ. ಕಲ್ಲು ಬಡಿದದ್ದು ಅಪಘಾತ, ಒಡೆದ ಚೇಂಬರಿಗೆ ಹಣ ಬಂತು. ಸೀಜ್ ಆದ ಇಂಜಿನ್ನಿಗೆ ಬರಲಿಲ್ಲ. ನಮ್ಮ ಸಾಮಾನ್ಯ ಮೋಟಾರ್ ಪಾಲಿಸಿಯ ಷರತ್ತಿನಲ್ಲೇ ಇದೆ. ಅಪಘಾತವಾದ ಮೇಲೆ ರಿಪೇರಿ ಮಾಡಿಸದೆ ಗಾಡಿ ಓಡಿಸಿ ಹಾನಿ ಹೆಚ್ಚಾದರೆ, ಆ ಹೆಚ್ಚಾದ ಭಾಗ ಮಾಲೀಕರ ತಲೆಗೆ. ‘ಇಂಜಿನ್ ಪ್ರೊಟೆಕ್ಟ್’ ಅಂತ ಬೇರೆ ಹಣ ಕೊಟ್ಟು ತೆಗೆದುಕೊಳ್ಳುವ ಕವರ್ ಇರುತ್ತದೆ. ಅದರಲ್ಲೂ ಎಚ್ಚರಿಕೆ ತಪ್ಪಿ ಓಡಿಸಿದ್ದರ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ ನೋಡಬೇಕು. ‘ಮೂರು ಕಿಲೋಮೀಟರ್ ನಡೆದುಬಿಡಬಹುದಿತ್ತು’ ಅಂತ ಮಾವ ಈಗಲೂ ಅನ್ನುತ್ತಾರೆ. ಅತ್ತೆ ನಗುತ್ತಾರೆ. ಮಾವ ಗೇಟಿನ ತನಕವೂ ನಡೆದವರಲ್ಲ.

ಈ ದೀಪಗಳ ಹುಟ್ಟೇ ಒಂದು ತಮಾಷೆ. ಮೊದಲು ಆಯಿಲ್‌ಗೊಂದು ಗೇಜು, ಚಾರ್ಜಿಗೊಂದು ಗೇಜು ಇರುತ್ತಿದ್ದವು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಗೇಜುಗಳ ಬದಲು ಬರೀ ದೀಪ ಕೊಡತೊಡಗಿತು. ಗೇಜು ಓದಲು ಬಾರದವರಿಗೆ ಅಂತ ಅಲ್ಲಿನವರು ಇವನ್ನು ‘ದಡ್ಡರ ದೀಪ’ ಅಂತ ಕರೆದರು. ಮುಳ್ಳು ನಿಧಾನಕ್ಕೆ ಇಳಿಯುವುದನ್ನು ನೋಡಿದವನು ಎಚ್ಚರವಾಗುತ್ತಿದ್ದ. ದೀಪ ಬರುವುದು ಕೊನೆಗೆ, ಎಲ್ಲ ಆದ ಮೇಲೆ.

ಒಂದು ಸಣ್ಣ ಅಭ್ಯಾಸ ಹೇಳಿ ಬಿಡುತ್ತೇನೆ, ಹಳೇ ಕಾರು ಕೊಳ್ಳುವವರಿಗೆ ಬಹಳ ಉಪಯೋಗ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಎಣ್ಣೆ ಗಿಂಡಿ, ಬ್ಯಾಟರಿ, ಚೆಕ್ ಇಂಜಿನ್ ಎಲ್ಲವೂ ಹತ್ತಬೇಕು. ಸ್ಟಾರ್ಟ್ ಆದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತು. ಹತ್ತದಿದ್ದರೆ? ಬಲ್ಬು ಹೋಗಿರಬಹುದು. ಅಥವಾ ಮಾರುವವರು ಹಿಂದಿನಿಂದ ಬಲ್ಬು ಕಿತ್ತಿರಬಹುದು, ಇಲ್ಲವೇ ಅದರ ಮೇಲೆ ಕಪ್ಪು ಟೇಪು ಅಂಟಿಸಿರಬಹುದು. ಮಾವ ತಮ್ಮ ಮುಂದಿನ ಗಾಡಿ ನೋಡಲು ಹೋದಾಗ ಮಾಡಿದ ಮೊದಲ ಕೆಲಸ ಅದು. ಬಣ್ಣ, ಟೈರು, ಕಿಲೋಮೀಟರ್ ಏನನ್ನೂ ನೋಡಲಿಲ್ಲ. ಕೀ ತಿರುಗಿಸಿ, ಕನ್ನಡಕ ಹಾಕಿಕೊಂಡು ದೀಪ ಎಣಿಸಿದರು. ಚೆಕ್ ಇಂಜಿನ್ ಹತ್ತಲಿಲ್ಲ. ‘ಈ ಗಾಡಿಗೆ ಆ ಲೈಟ್ ಬರಲ್ಲ ಸಾರ್’ ಅಂದ ಮಾರುವವನು. ಮಾವ ಕೀ ಅವನ ಕೈಗೆ ಕೊಟ್ಟು ಚಹಾ ಕುಡಿಯದೆ ಹೊರಟುಬಂದರು.